ಮೊದಲು ಜಿ, ಆಮೇಲೆ ಎಫ್

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂದು ಇಡೀ ತರಗತಿಗೆ ವಾರದುದ್ದಕ್ಕೂ ತಪ್ಪು ಲೆಕ್ಕ ಹೇಳಿಕೊಟ್ಟೆ. ಹೊಸದಾಗಿ ಗಣಿತದ ಮೇಷ್ಟರಾಗಿ ಬರುತ್ತಿರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಬಡ್ತಿ ಯಾವಾಗ ಬಂತು, ಯಾವ ಸಭೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಅದನ್ನು ಓದಿ ನಿಮಗೆ ಆಗಬೇಕಾದದ್ದು ಏನೂ ಇಲ್ಲ. ನಾನು ಒಂದೇ ಒಂದು ಲೆಕ್ಕದ ವಿಷಯ ಬರೆಯುತ್ತೇನೆ. ಅದು ನನ್ನನ್ನು ಇಡೀ ಸರ್ವಿಸಿನಲ್ಲಿ ಬಿಡಲಿಲ್ಲ, ನಿವೃತ್ತಿಯಾದ ಮೇಲೂ ಬಿಡಲಿಲ್ಲ.

ಗಣಿತ ಬಿಟ್ಟು ಬಹಳ ಕಾಲವಾದವರಿಗೂ ತಿಳಿಯಲಿ ಎಂದು ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ಫಲನ ಎಂದರೆ ಒಂದು ನಿಯಮ. ಎಫ್ ಎಂಬ ನಿಯಮ ನೀವು ಕೊಟ್ಟ ಸಂಖ್ಯೆಯನ್ನು ಇಮ್ಮಡಿ ಮಾಡಿ ಮೂರು ಕೂಡಿಸುತ್ತದೆ, ಅಂದರೆ 2x + 3. ಜಿ ಎಂಬ ನಿಯಮ ಐದು ಕೂಡಿಸಿ ಸುಮ್ಮನಾಗುತ್ತದೆ, x + 5. ಎರಡನ್ನೂ ಒಂದರ ಹಿಂದೊಂದು ನಡೆಸಿದರೆ ಹೊಸದೊಂದು ನಿಯಮ ಹುಟ್ಟುತ್ತದೆ. ಅದಕ್ಕೆ ಸಂಯುಕ್ತ ಫಲನ ಎನ್ನುತ್ತೇವೆ. ಎಫ್ ಬರೆದು, ಪಕ್ಕದಲ್ಲಿ ಸಣ್ಣ ಸೊನ್ನೆ ಇಟ್ಟು, ಜಿ ಬರೆಯುತ್ತೇವೆ. ಮಕ್ಕಳ ಬಾಯಲ್ಲಿ ಅದು ‘ಎಫ್ ಓ ಜಿ’. ಓದುವಾಗ ಎಫ್ ಮೊದಲು ಬರುತ್ತದೆ, ಆದರೆ ಮಾಡುವಾಗ ಜಿ ಮೊದಲು. ಒಂದು ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಜಿ ಅದನ್ನು ಆರು ಮಾಡುತ್ತದೆ, ಎಫ್ ಆ ಆರನ್ನು ಹದಿನೈದು ಮಾಡುತ್ತದೆ. ತಿರುಗಿಸಿ ಮಾಡಿದರೆ ಮೊದಲು ಐದಾಗಿ ಆಮೇಲೆ ಹತ್ತಾಗುತ್ತದೆ. ಎಫ್ ಓ ಜಿ ಗೆ ಉತ್ತರ 2x + 13. ತಿರುಗಿಸಿದವರಿಗೆ ಬರುವುದು 2x + 8. ಲೆಕ್ಕ ಇಷ್ಟೇ.

ನಾನು ಆಂಧ್ರದ ಗಡಿಯ ಹಿಂದೂಪುರದ ನೇಕಾರರ ಮನೆಯವಳು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು. ಬಿ.ಎಡ್. ಮುಗಿಸಿದವಳಿಗೆ ನಮ್ಮೂರಿನದೇ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮದ ಸೆಕ್ಷನ್ ಸಿಕ್ಕಿತು. ಆಗ ಈ ಪಾಠ ಹತ್ತನೇ ತರಗತಿಯಲ್ಲೇ ಇತ್ತು. ಮೊದಲನೇ ಸಲ ಅದನ್ನು ಮಾಡುವಾಗ ನಾನು ಎಡದಿಂದ ಬಲಕ್ಕೆ, ಸಾಲು ಓದುವ ಹಾಗೆ, ಎಫ್ ಮೊದಲು ಜಿ ಆಮೇಲೆ ಎಂದು ಹೇಳಿಕೊಟ್ಟೆ. ಕಾಲೇಜಿನಲ್ಲಿ ನೋಟ್ಸ್ ಬಾಯಿಪಾಠ ಮಾಡಿ ಪಾಸಾದವಳು ನಾನು. ತಿಳಿದುಕೊಂಡು ಪಾಸಾದವಳಲ್ಲ.

ತಪ್ಪು ಹಿಡಿದವರು ತೆಲುಗು ಮಾಧ್ಯಮಕ್ಕೆ ಗಣಿತ ಹೇಳುತ್ತಿದ್ದ ಅನ್ವರ್ ಸಾರ್. ನನಗಿಂತ ಇಪ್ಪತ್ತು ವರ್ಷ ಹಿರಿಯರು. ನನ್ನ ಬೋರ್ಡು ಅಳಿಸದೆ ಉಳಿದಿದ್ದನ್ನು ಕಂಡು, ಟೀ ಕುಡಿಯುವ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತರು.

“ಪದ್ಮಮ್ಮಾ, ಎಫ್ ಓ ಜಿ ಗೆ ಯಾವ್ದು ಮೊದ್ಲು ಹಾಕಿದೀಯಾ?”

“ಎಫ್ ಸಾರ್.”

“ಒಂದ್ಸಲ ಪುಸ್ತಕ ನೋಡು.”

ನೋಡಿದೆ. ಜಿ ಮೊದಲು ಇತ್ತು. ವಾರದಿಂದ ಹೇಳಿಕೊಡುತ್ತಿದ್ದೇನೆ, ಈಗ ಹೇಗೆ ಹೇಳುವುದು ಸಾರ್ ಎಂದೆ.

“ಹೆಂಗೆ ಅಂದ್ರೆ, ತಪ್ಪಾಯ್ತು ಅಂತ ಹೇಳ್ಬುಡೋದು. ಅವ್ರು ನಿನ್ನ ತಿನ್ನಕ್ಕಿಲ್ಲ. ಮಕ್ಳು ನಗ್ತವೆ, ಮರ್ತೋಯ್ತವೆ. ಹೇಳ್ದೇ ಬಿಟ್ಟೆ ಅಂದ್ರೆ ಮಾತ್ರ ಅವು ಮರೆಯಕ್ಕಿಲ್ಲ ಕಣಮ್ಮ.”

ಮರುದಿನ ತರಗತಿಯಲ್ಲಿ ನಿಂತು, ನಾನು ತಪ್ಪು ಹೇಳಿಕೊಟ್ಟೆ, ಒಂದು ವಾರದ ಲೆಕ್ಕಗಳಿಗೆಲ್ಲ ಗೆರೆ ಹೊಡೆಯಿರಿ ಎಂದೆ. ಹಿಂದಿನ ಬೆಂಚಿನವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮರೆತಿದ್ದರು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಹೆದರುವುದನ್ನು ಇನ್ನೂ ಕಲಿತಿರಲಿಲ್ಲ.

ಹೆದರಿಕೆ ಕಲಿಸಿದ್ದು ಅದೇ ವರ್ಷ ಬಂದ ತಪಾಸಣೆ. ಇದು ನಮ್ಮ ಗಡಿ ಶಾಲೆಗಳ ಪಾಡು. ಕನ್ನಡದಲ್ಲಿ ಪ್ರಮೇಯ ಎಂದರೆ ಸಾಧಿಸಿ ತೋರಿಸಬೇಕಾದ ಥಿಯರಮ್. ತೆಲುಗಿನಲ್ಲಿ ಅದೇ ಪದಕ್ಕೆ ಫಂಕ್ಷನ್, ಅಂದರೆ ನಮ್ಮ ಫಲನ, ಎಂದು ಅರ್ಥ. ತಪಾಸಣೆಗೆ ಬಂದ ಅಧಿಕಾರಿಗೆ ಕನ್ನಡ ಬಾರದು. ತರಗತಿಯಲ್ಲಿ ಮುಂದೆ ಕೂತಿದ್ದ ಹುಡುಗಿಯನ್ನು ಎಬ್ಬಿಸಿ, “ಪ್ರಮೇಯಂ ಅಂಟೇ ಏಮಿಟಿ?”, ಪ್ರಮೇಯ ಎಂದರೇನು, ಎಂದರು. ಅವಳು ಕೈಕಟ್ಟಿ ನಿಂತು ಲಂಬಕೋನ ತ್ರಿಭುಜದ ಪ್ರಮೇಯವನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದಳು. ಅಧಿಕಾರಿ ಇನ್ನೊಬ್ಬಳನ್ನು ಎಬ್ಬಿಸಿದರು, ಅವಳೂ ಅದನ್ನೇ ಒಪ್ಪಿಸಿದಳು. ನಾನು ವಿವರಿಸಲು ಹೋದೆ. ಅವರು ಕೈ ಎತ್ತಿ ತಡೆದರು. ಈ ತರಗತಿಗೆ ಫಲನದ ಪಾಠವೇ ಆಗಿಲ್ಲ ಎಂದು ಬರೆದು ಹೋದರು. ನನಗೆ ಮೆಮೋ ಬಂತು. ಸಮಜಾಯಿಷಿ ಬರೆದೆ. ಸಮಜಾಯಿಷಿ ತೃಪ್ತಿಕರವಾಗಿಲ್ಲ ಎಂದು ಮತ್ತೊಂದು ಕಾಗದ ಬಂತು. ಸರಿಯಾದ ಮಾತು ಹೇಳಿದರೂ ಮೇಲಿನವರಿಗೆ ಕೇಳಿಸಬೇಕೆಂದಿಲ್ಲ ಎಂಬುದು ಅಲ್ಲಿ ಮನಸ್ಸಿನಲ್ಲಿ ಕೂತುಬಿಟ್ಟಿತು. ಹದಿನೈದು ವರ್ಷವಾದರೂ ಏಳಲಿಲ್ಲ.

ಆ ವರ್ಷಗಳಲ್ಲಿ ಪಾಠ ಮಾಡುವ ರೀತಿ ಮಾತ್ರ ಸುಧಾರಿಸಿತು. ಬೋರ್ಡಿನ ಮೇಲೆ ಸೂತ್ರ ಬರೆಯುವುದಕ್ಕೆ ಮುಂಚೆ ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸುತ್ತಿದ್ದೆ. ಒಬ್ಬಳು ಜಿ, ಒಬ್ಬಳು ಎಫ್. ಚೀಟಿಯಲ್ಲಿ ಸಂಖ್ಯೆ ಬರೆದು ಜಿ ಕೈಗೆ ಕೊಟ್ಟರೆ ಅವಳು ಐದು ಕೂಡಿಸಿ ಎಫ್‌ಗೆ ದಾಟಿಸಬೇಕು, ಎಫ್ ತನ್ನ ಕೆಲಸ ಮಾಡಿ ತರಗತಿಗೆ ಓದಿ ಹೇಳಬೇಕು. ಆಮೇಲೆ ಇಬ್ಬರ ಜಾಗ ಅದಲುಬದಲು. ಉತ್ತರ ಬೇರೆಯಾದಾಗ ತರಗತಿಯಲ್ಲಿ ಒಂದು ಗದ್ದಲ ಏಳುತ್ತದೆ. ಆ ಗದ್ದಲ ಏಳುವ ತನಕ ಸೂತ್ರ ಬರೆಯಬೇಡಿ. ನಿಮಗೆ ನಾನು ಕೊಡಬಹುದಾದ ಒಂದೇ ಒಳ್ಳೆಯ ಉಪಾಯ ಅದು. ಉಳಿದದ್ದೆಲ್ಲ ಎಚ್ಚರಿಕೆ.

ನಲವತ್ತು ಹತ್ತಿರವಾದಾಗ ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಅಲ್ಲಿನ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿ ಎಂದರೆ ಹನ್ನೊಂದೇ ಮಕ್ಕಳು. ಎಲ್ಲರೂ ಬ್ರಹ್ಮಸಮುದ್ರದ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲೋ ಜೀಪಿನ ಹಿಂದೆ ನೇತಾಡಿಕೊಂಡೋ ಬರುವವರು. ಹೆಡ್ಮಾಸ್ಟರ್ ರುದ್ರಪ್ಪ ಸಾರ್ ಪೆನುಕೊಂಡದ ವ್ಯಾಪಾರಸ್ಥರ ಮನೆಯವರು. ತಾವೂ ಗಣಿತದವರೇ. ತೆಲುಗು ಸೆಕ್ಷನ್‌ಗೆ ಮೇಷ್ಟರಿಲ್ಲದ್ದರಿಂದ ಗಣಿತ ತಾವೇ ತೆಗೆದುಕೊಳ್ಳುತ್ತಿದ್ದರು. ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಶಾಲೆಯ ಸೋರುವ ಕೋಣೆಗೆ ಶೀಟು ಹಾಕಿಸಲು ಕಚೇರಿಯಿಂದ ಕಚೇರಿಗೆ ಅಲೆದವರು, ಬಾರದ ಮಕ್ಕಳ ಮನೆಗೆ ಸ್ಕೂಟರಿನಲ್ಲಿ ಹೋಗಿ ಎಳೆದುಕೊಂಡು ಬಂದವರು. ಆದರೆ ಅವರ ಮಾತಿಗೆ ಎದುರು ಮಾತು ಎಂಬುದು ಆ ಕಟ್ಟಡದಲ್ಲಿ ಇರಲಿಲ್ಲ.

ನನ್ನ ಹನ್ನೊಂದು ಮಕ್ಕಳಲ್ಲಿ ನಾಗವೇಣಿ ಎಂಬುವಳಿದ್ದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮಾತು ಕಮ್ಮಿ. ಚೀಟಿಯ ಆಟವನ್ನು ಎಲ್ಲರೂ ಆಟವೆಂದು ಆಡಿದರೆ ಇವಳು ನಿಂತು ಕೇಳಿದಳು: “ಮೇಡಂ, ಯಾರು ಮೊದ್ಲು ನಿಂತ್ರೂ ಒಂದೇ ಉತ್ತರ ಬರೋ ಅಂಥ ಎಫ್ಫು ಜಿ ಇರ್ತವಾ?” ಇರುತ್ತವೆ, ನೀನೇ ಹುಡುಕು ಎಂದೆ. ಮರುದಿನ ಮೂರು ಜೊತೆ ಹುಡುಕಿಕೊಂಡು ಬಂದಳು. ತಂದೆ ಇರಲಿಲ್ಲ. ತಾಯಿ ಓಬಮ್ಮ ಕೂಲಿ ಕೆಲಸಕ್ಕೆ ಹೋಗುತ್ತಿದ್ದಳು. ನೂರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ, ಗಣಿತವನ್ನು ಮುಟ್ಟಿ ನೋಡುವ ಆಸೆ ಇದ್ದವರು ಕೈಬೆರಳಷ್ಟೂ ಸಿಗಲಿಲ್ಲ. ಇವಳು ಅವರಲ್ಲಿ ಒಬ್ಬಳು.

ಆ ವರ್ಷ ಒಂದು ಧರ್ಮಸಂಸ್ಥೆಯವರು ಹಳ್ಳಿಯ ಬಡ ಮಕ್ಕಳಿಗಾಗಿ ಪರೀಕ್ಷೆ ಇಟ್ಟರು. ಪಾಸಾದವರಿಗೆ ಇಂಟರ್, ಅಂದರೆ ಹತ್ತನೇ ತರಗತಿಯ ಮುಂದಿನ ಎರಡು ವರ್ಷ, ಹಾಸ್ಟೆಲು, ಊಟ, ಕಾಲೇಜು ಎಲ್ಲ ಉಚಿತ. ಸುತ್ತಲಿನ ನಾಲ್ಕು ಶಾಲೆಗಳಲ್ಲಿ ಕೇಂದ್ರ. ಗಣಿತದ ಪ್ರಶ್ನೆಪತ್ರಿಕೆ ತಯಾರಿಸುವ ಗೌರವ ರುದ್ರಪ್ಪ ಸಾರ್‌ಗೆ ಸಿಕ್ಕಿತು. ಇನ್ನು ಮೂರು ತಿಂಗಳಿಗೆ ಅವರ ನಿವೃತ್ತಿ. ನಮ್ಮ ಕೇಂದ್ರದ ಉತ್ತರಪತ್ರಿಕೆ ತಿದ್ದುವ ಕೆಲಸ ನನಗೆ ಬಂತು.

ಏಳನೇ ಪ್ರಶ್ನೆ, ಐದು ಅಂಕ: ಮೇಲೆ ಹೇಳಿದ ಅದೇ ಎಫ್, ಅದೇ ಜಿ. ಎಫ್ ಓ ಜಿ ಕಂಡುಹಿಡಿಯಿರಿ. ಉತ್ತರದ ಕೀ ತೆಗೆದು ನೋಡಿದರೆ 2x + 8 ಎಂದು ಅಚ್ಚಾಗಿತ್ತು.

ಮೊದಲು ಅಚ್ಚಿನ ದೋಷ ಎಂದುಕೊಂಡೆ. ಕೆಳಗೆ ಹಂತ ಹಂತವಾಗಿ ಬಿಡಿಸಿದ್ದನ್ನು ಓದಿದಾಗ ತಿಳಿಯಿತು. ಸಾರ್ ಎಫ್ ಮೊದಲು ಮಾಡಿದ್ದರು. ನಾನು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮಾಡಿದ ತಪ್ಪನ್ನೇ ಅವರು ಐವತ್ತೆಂಟರಲ್ಲಿ ಮಾಡಿದ್ದರು. ಅವರ ತೆಲುಗು ಸೆಕ್ಷನ್‌ನ ಮಕ್ಕಳೆಲ್ಲ ಅವರು ಹೇಳಿಕೊಟ್ಟ ಹಾಗೆ ಬರೆದು ಐದಕ್ಕೆ ಐದು ಪಡೆಯುವವರಿದ್ದರು. ಸರಿಯಾಗಿ ಬರೆದ ನನ್ನ ಮಕ್ಕಳಿಗೆ ಸೊನ್ನೆ.

ಕೀ ಹಿಡಿದು ಅವರ ಕೋಣೆಗೆ ಹೋದೆ.

“ಸಾರ್, ಏಳನೇ ಪ್ರಶ್ನೆ ಒಂದ್ಸಲ ನೋಡ್ತೀರಾ? ಎಫ್ ಓ ಜಿ ಅಂದ್ರೆ ಜಿ ಮೊದ್ಲು ಅಲ್ವಾ ಸಾರ್?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೂಗಲಿಲ್ಲ. “ನಂಗೆ ಲೆಕ್ಕ ಹೇಳ್ಕೊಡಕ್ಕೆ ಬಂದ್ಯೇನಮ್ಮಾ?”

“ಹಂಗಲ್ಲ ಸಾರ್...”

“ಕೀ ನಾಲ್ಕು ಸೆಂಟರಿಗೂ ಹೋಗ್ಬುಟ್ಟೈತೆ. ಮೂರು ಸೆಂಟರಿನೋರು ತಿದ್ದಿ ಮುಗಿಸ್ಬುಟ್ಟವ್ರೆ. ಇವಾಗ ನಾನು ಫೋನ್ ಮಾಡಿ ತಪ್ಪಾಯ್ತು ಅಂತ ಅನ್ಲಾ? ಕೀ ಹೆಂಗೈತೋ ಹಂಗೆ ಹಾಕ್ಕೊಂಡು ಹೋಗು ತಾಯಿ.”

“ಕಾನೀ ಸಾರ್...” ಆದರೆ ಎನ್ನುವುದು ಬಾಯಿಗೆ ತೆಲುಗಿನಲ್ಲೇ ಬಂತು.

“ಕಾನೀ ಲೇದು ಗೀನೀ ಲೇದು. ಹೋಗು.”

ಬಂದೆ. ಕೂತೆ. ಕೆಂಪು ಪೆನ್ನು ತೆಗೆದುಕೊಂಡೆ. ನನ್ನ ಮಕ್ಕಳ ಹನ್ನೊಂದು ಪತ್ರಿಕೆಗಳಲ್ಲಿ ಹನ್ನೊಂದು ಕಡೆ ಸರಿಯಾದ ಉತ್ತರದ ಮೇಲೆ ಅಡ್ಡಗೆರೆ ಎಳೆದೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಮನಸ್ಸಿಗೆ ಹೇಳಿಕೊಂಡ ಸಮಾಧಾನ, ಎಲ್ಲರಿಗೂ ಕೊಟ್ಟರೆ ಎಷ್ಟೋ ಕೊಡದಿದ್ದರೂ ಅಷ್ಟೇ ಎಂದು. ಅದು ಸುಳ್ಳು ಎಂದು ಗಣಿತದವಳಿಗೆ ಗೊತ್ತಿರಬೇಕಿತ್ತು. ಎಲ್ಲರೂ ಕಳೆದುಕೊಳ್ಳಲಿಲ್ಲ. ಸರಿಯಾಗಿ ಬರೆದವರು ಮಾತ್ರ ಕಳೆದುಕೊಂಡರು.

ಪಟ್ಟಿ ಬಂತು. ನಾಗವೇಣಿಗೆ ಮೂರು ಅಂಕ ಸಾಲದೆ ಸೀಟು ತಪ್ಪಿತು. ಉಳಿದ ಹತ್ತು ಮಂದಿಗೆ ಐದು ಕೊಟ್ಟಿದ್ದರೂ ಹತ್ತಿರ ಬರುತ್ತಿರಲಿಲ್ಲ. ಆ ಐದು ಅಂಕ ಬೇಕಾಗಿದ್ದವಳು ಇವಳೊಬ್ಬಳೇ.

ಸಂಸ್ಥೆಯವರು ಪತ್ರಿಕೆಗಳನ್ನು ಮಕ್ಕಳಿಗೆ ವಾಪಸು ಕೊಟ್ಟರು. ಬೆಳಗಿನ ಪ್ರಾರ್ಥನೆಯಾದ ಮೇಲೆ ನಾಗವೇಣಿ ಸ್ಟಾಫ್ ರೂಮಿಗೆ ಬಂದಳು. ರುದ್ರಪ್ಪ ಸಾರ್ ಅಲ್ಲೇ ಕಿಟಕಿಯ ಹತ್ತಿರ ಹಾಜರಿ ಪುಸ್ತಕ ನೋಡುತ್ತಾ ನಿಂತಿದ್ದರು.

“ಮೇಡಂ, ಏಳನೇದು ಎಲ್ಲಿ ತಪ್ಪಾಗೈತೆ?”

ಸಾರ್ ತಲೆ ಎತ್ತಲಿಲ್ಲ. ಪುಟ ತಿರುವುತ್ತಿದ್ದ ಕೈ ಮಾತ್ರ ನಿಂತಿತು.

“ಕ್ರಮ ನೋಡ್ಕೊ,” ಎಂದೆ.

ಅವಳು ಪತ್ರಿಕೆಯನ್ನು ಬಹಳ ಹೊತ್ತು ನೋಡಿದಳು. “ಎಫ್ ಮೊದ್ಲಾ ಮೇಡಂ?”

“ಹೂಂ.”

“ಸರಿ ಮೇಡಂ. ನಾನೇ ಉಲ್ಟಾ ತಿಳ್ಕಂಬುಟ್ಟಿದ್ದೆ.”

ಬೇಸರವಿರಲಿಲ್ಲ ಅವಳ ದನಿಯಲ್ಲಿ. ಹೊಸದೊಂದು ಕಲಿತ ಹಾಗೆ ಹೇಳಿ ಹೋದಳು. ಅವಳು ಜಗಳವಾಡಿದ್ದರೆ, ಅತ್ತಿದ್ದರೆ, ನನಗೆ ಬಾಯಿ ಬರುತ್ತಿತ್ತೇನೋ. ಅವಳು ನಂಬಿದಳು.

ಫೈನಲ್‌ಗೆ ಮುಂಚಿನ ಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಕೊಟ್ಟೆ. ಹನ್ನೊಂದು ಪತ್ರಿಕೆಗಳಲ್ಲೂ ತಿರುಗುಮುರುಗು ಉತ್ತರ. ತರಗತಿಯಲ್ಲಿ ಕೇಳಿದೆ, ಇದೇನು ಎಲ್ಲರೂ ಹೀಗೆ ಬರೆದಿದ್ದೀರಿ?

ನಾಗವೇಣಿ ಎದ್ದು ನಿಂತಳು. “ನಾನೇ ಎಲ್ರಿಗೂ ಹೇಳ್ದೆ ಮೇಡಂ. ನೀವು ಹೇಳಿದ್ರಲ್ಲ ಎಫ್ ಮೊದ್ಲು ಅಂತ.”

“ಪುಸ್ತಕದಾಗೆ ಹೆಂಗೈತೆ?”

“ಪುಸ್ತಕದಾಗೆ ಜಿ ಮೊದ್ಲೈತೆ. ಅದಕ್ಕೇ ಅದ್ರ ಮೇಲೆ ಗೆರೆ ಹೊಡ್ಕಂಡಿವಿ.”

ಹನ್ನೊಂದು ಮಕ್ಕಳು ತಮ್ಮ ಪಠ್ಯಪುಸ್ತಕದಲ್ಲಿ ಸರಿಯಾದ ಸಾಲಿನ ಮೇಲೆ ಗೆರೆ ಹೊಡೆದುಕೊಂಡಿದ್ದರು. ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ಆಗಲಾದರೂ ಹೇಳಬೇಕಿತ್ತು. ಹಿಂದೂಪುರದಲ್ಲಿ ಒಂದು ವಾರದ ತಪ್ಪನ್ನು ಒಂದು ನಿಮಿಷದಲ್ಲಿ ಒಪ್ಪಿಕೊಂಡವಳು ಇಲ್ಲಿ ಬಾಯಿ ತೆರೆದು ಹೇಳಿದ್ದು ಇಷ್ಟು: “ಎರಡೂ ಪದ್ಧತಿ ಇದಾವೆ. ಪಬ್ಲಿಕ್ ಪರೀಕ್ಷೆಗೆ ಪುಸ್ತಕದಾಗಿರೋ ಹಂಗೆ ಬರೀರಿ.” ಹಾಗೆ ಎಡದಿಂದ ಬಲಕ್ಕೆ ಬರೆಯುವ ಗಣಿತದವರು ಲೋಕದಲ್ಲಿ ಇದ್ದಾರೆ ಎಂಬುದು ನಿಜವೇ. ಆದರೆ ಅದು ನಮ್ಮ ಪುಸ್ತಕದ ಮಾತಲ್ಲ, ಆ ಮಕ್ಕಳು ಕೇಳಿದ ಮಾತೂ ಅಲ್ಲ. ಅರ್ಧ ನಿಜ ಹೇಳಿ ಪಾರಾದೆ. ಮಕ್ಕಳ ಮುಖದಲ್ಲಿ ಇದ್ದ ಪ್ರಶ್ನೆಯನ್ನು ನೋಡದ ಹಾಗೆ ಬೋರ್ಡು ಒರೆಸಿದೆ.

ಪಬ್ಲಿಕ್ ಪರೀಕ್ಷೆಯ ದಿನ ಬಿಸಿಲಿನಲ್ಲಿ ಗೇಟಿನ ಹತ್ತಿರ ಕಾದಿದ್ದೆ. ಆ ಲೆಕ್ಕ ಬಂದಿತ್ತು. ನಾಗವೇಣಿ ಹೊರಗೆ ಬಂದಳು.

“ಏನು ಬರ್ದೆ?”

“ಎರಡೂ ಬರ್ದೆ ಮೇಡಂ. ಆಮೇಲೆ ಎರಡಕ್ಕೂ ಗೆರೆ ಹೊಡ್ದೆ. ಯಾವ್ದು ಅಂತ ಗೊತ್ತಾಗ್ಲಿಲ್ಲ.”

ಪಾಸೇನೋ ಆದಳು. ಆದರೆ ಹಾಸ್ಟೆಲು ಇರಲಿಲ್ಲ. ಟೀಸಿ ತೆಗೆದುಕೊಳ್ಳಲು ಓಬಮ್ಮ ಬಂದಿದ್ದಳು. ಕಲ್ಯಾಣದುರ್ಗದಲ್ಲೇ ಇಂಟರ್‌ಗೆ ಸೇರಿಸು, ನಾನು ಮಾತಾಡುತ್ತೇನೆ ಎಂದೆ.

“ದೊಡ್ಡ ಹುಡ್ಗೀನ ದಿನಾ ಬಸ್ಸಿಗೆ ಕಳ್ಸಿ ನಾನು ಕೆಲ್ಸಕ್ಕೆ ಹೋಗಕ್ಕಾಯ್ತದಾ ಮೇಡಮ್ಮ? ಹಾಸ್ಟೆಲ್ ಸೀಟು ಸಿಕ್ಕಿದ್ರೆ ಕಣ್ಮುಚ್ಕಂಡು ಕಳಿಸ್ತಿದ್ದೆ. ಸಿಗ್ಲಿಲ್ಲ, ಏನ್ ಮಾಡದು. ಲೆಕ್ಕದಾಗೆ ಇವ್ಳೇ ತಪ್ಪು ಮಾಡ್ಕಂಡ್ಲಂತೆ. ಇವ್ಳೇ ಹೇಳಿದ್ಲು.”

ನಾಗವೇಣಿ ತಾಯಿಯ ಹಿಂದೆ ನಿಂತಿದ್ದಳು. ತಲೆ ಅಲ್ಲಾಡಿಸಿದಳು, ಹೌದು ಎನ್ನುವ ಹಾಗೆ. ನಾನು ಟೀಸಿಯ ಮೇಲೆ ಸಹಿಯಾಗಿದೆಯೋ ಇಲ್ಲವೋ ನೋಡಿ ಕೊಟ್ಟೆ. ಮುಂದಿನ ವರ್ಷ ಲೇಪಾಕ್ಷಿಯ ಕಡೆಗೆ ಅವಳ ಮದುವೆಯಾಯಿತು ಎಂದು ಕೇಳಿದೆ.

ರುದ್ರಪ್ಪ ಸಾರ್ ನಿವೃತ್ತರಾದ ದಿನ ಬಿನ್ನವತ್ತಳೆ ಓದಿದವಳು ನಾನೇ. ‘ಗಣಿತವನ್ನು ಅರೆದು ಕುಡಿದವರು’ ಎಂಬ ಸಾಲು ಅದರಲ್ಲಿತ್ತು. ನಾನು ತಡವರಿಸದೆ ಓದಿದೆ.

ಏಳೆಂಟು ವರ್ಷದ ಮೇಲೆ ಅವರಿಗೆ ಲಕ್ವ ಹೊಡೆದು ಮಲಗಿದ್ದಾರೆಂದು ತಿಳಿದು ಪೆನುಕೊಂಡಕ್ಕೆ ನೋಡಲು ಹೋದೆ. ತಮ್ಮನ ಮನೆಯಲ್ಲಿ, ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ. ಬಲಗೈ ಬಿದ್ದುಹೋಗಿತ್ತು. ಮಾತು ನಿಧಾನ, ಆದರೆ ಬುದ್ಧಿ ಹಾಗೇ ಇತ್ತು. ಶಾಲೆಯ ಸುದ್ದಿ ಎಲ್ಲ ಕೇಳಿದರು. ಹೊರಗೆ ಅಂಗಡಿಯಲ್ಲಿ ಯಾರೋ ಶೇಂಗಾ ಅಳೆಯುವ ಸದ್ದು.

“ಆ ಹುಡುಗಿ ಏನಾದ್ಲಮ್ಮಾ? ಬ್ರಹ್ಮಸಮುದ್ರದ ಕಡೇದು.”

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ಮದುವೆಯಾಯಿತು ಎಂದೆ.

“ನಂಗೆ ಗೊತ್ತಿತ್ತು ಕಣಮ್ಮ. ನೀನು ಬಂದು ಹೋದ ದಿನ ಸಾಯಂಕಾಲವೇ ಪುಸ್ತಕ ತೆಗ್ದು ನೋಡ್ದೆ. ತಪ್ಪು ನಂದೇ.”

ನನಗೆ ಸಿಟ್ಟು ಬಂತು. ಹಾಸಿಗೆ ಹಿಡಿದವರ ಮುಂದೆ ದನಿ ಏರಿಸಬಾರದಿತ್ತು, ಏರಿಸಿದೆ. “ಮತ್ತೆ ಯಾಕೆ ಸಾರ್ ಸುಮ್ನಿದ್ರಿ?”

“ನೀನು ಇನ್ನೊಂದ್ಸಲ ಬತ್ತೀಯಾ ಅಂತ ಕಾದೆ. ನೀನು ಬಂದು ಮತ್ತೆ ಕೇಳಿದ್ರೆ ಫೋನ್ ಮಾಡ್ಬುಡನ ಅಂದ್ಕಂಡಿದ್ದೆ. ನಾನಾಗೇ ಮಾಡಕ್ಕೆ ಧೈರ್ಯ ಬರ್ಲಿಲ್ಲ.” ಎಡಗೈಯಲ್ಲಿ ಬಾಯಿಯಂಚು ಒರೆಸಿಕೊಂಡರು. “ನೀನು ಬರ್ಲಿಲ್ಲ.”

ಆರು ತಿಂಗಳಿಗೆ ಅವರು ತೀರಿಕೊಂಡರು.

ಇದನ್ನು ಓದುತ್ತಿರುವ ಹೊಸ ಮೇಷ್ಟರೇ, ಮೇಲಿನವರ ಹತ್ತಿರ ಒಂದು ಸಲ ಹೋಗಿ ಹೇಳಿದೆ, ನನ್ನ ಕರ್ತವ್ಯ ಮುಗಿಯಿತು ಎಂದು ನೀವೂ ಒಂದು ದಿನ ಅಂದುಕೊಳ್ಳುತ್ತೀರಿ. ನಾನು ಹಾಗೆ ಅಂದುಕೊಂಡು ವರ್ಷಗಟ್ಟಲೆ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ಎರಡನೇ ಸಲ ಹೋಗಿ. ಆ ಕೋಣೆಯಲ್ಲಿ ಕೂತವರೂ ನಿಮ್ಮಷ್ಟೇ ಹೆದರಿರಬಹುದು.

ಮತ್ತೆ ಹಿಂದೂಪುರಕ್ಕೆ ವರ್ಗವಾಗಿ ಬಂದೆ. ಪಠ್ಯ ಬದಲಾಯಿತು. ಸಂಯುಕ್ತ ಫಲನ ಹತ್ತನೇ ತರಗತಿಯಿಂದ ಎದ್ದು ಇಂಟರ್‌ಗೆ ಹೋಯಿತು. ನನ್ನ ಮೇಜಿನಿಂದ ಆ ಲೆಕ್ಕ ಹೋದದ್ದಕ್ಕೆ ಒಳಗೊಳಗೇ ಹಗುರಾದೆ, ಇದನ್ನೂ ಮುಚ್ಚಿಡುವುದಿಲ್ಲ. ಕನ್ನಡ ಸೆಕ್ಷನ್ ಕರಗುತ್ತಾ ಬಂತು. ಗೋಡೆಗೆ ಟಿವಿ ಬಂತು, ಮಕ್ಕಳ ಕೈಗೆ ಟ್ಯಾಬು ಬಂತು. ಪರದೆಯ ಮೇಲೆ ಬಣ್ಣಬಣ್ಣದ ಡಬ್ಬಿಗಳ ಒಳಗೆ ಸಂಖ್ಯೆ ಹೋಗಿ ಹೊರಗೆ ಬರುವುದನ್ನು ನೋಡಿದೆ, ಚೆನ್ನಾಗಿತ್ತು. ಡಬ್ಬಿ ತಪ್ಪು ಮಾಡುವುದಿಲ್ಲ. ತಪ್ಪಾದರೆ ಯಾರನ್ನು ಕೇಳಬೇಕೆಂದು ಮಾತ್ರ ಮಕ್ಕಳಿಗೆ ತಿಳಿಯದು. ಹಾಗೆಯೇ ನಿವೃತ್ತಳಾದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಗೇಟು ಸದ್ದಾಯಿತು. ಮೂವತ್ತೈದು ದಾಟಿದ ಹೆಂಗಸು, ಪಕ್ಕದಲ್ಲಿ ಕಾಲೇಜು ಹುಡುಗಿ. ಹೆಂಗಸಿನ ಕೂದಲಿನಲ್ಲಿ ದಾರದ ತುಣುಕು ಸಿಕ್ಕಿಕೊಂಡಿತ್ತು. ಗಾರ್ಮೆಂಟ್ಸ್ ಕೆಲಸದವರೆಂದು ನೋಡಿದ ಕೂಡಲೇ ತಿಳಿಯುತ್ತದೆ.

“ಗುರ್ತು ಸಿಕ್ತಾ ಮೇಡಂ? ನಾಗವೇಣಿ.”

ಒಳಗೆ ಕೂರಿಸಿದೆ. ಹಿಂದೂಪುರದ ಹೊರಗಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಹೊಲಿಗೆ. ಗಂಡ ಪೆನುಕೊಂಡದ ಹತ್ತಿರ ಕಾರಿನ ಕಂಪನಿಗೆ ಹೋಗುವ ಬಸ್ಸು ಓಡಿಸುತ್ತಾನೆ. ಮಗಳು ಭಾರ್ಗವಿ ಇಂಟರ್, ಗಣಿತ ತೆಗೆದುಕೊಂಡಿದ್ದಾಳೆ. ಅದನ್ನು ಹೇಳುವಾಗ ಮಾತು ಕಮ್ಮಿಯ ನಾಗವೇಣಿಯ ಮುಖ ಅರಳಿತು.

“ಮೇಡಂ, ನಿಮ್ಮತ್ರ ಒಂದು ನ್ಯಾಯಕ್ಕೆ ಬಂದಿವಿ. ಇವ್ಳಿಗೆ ಎಫ್ ಓ ಜಿ ಲೆಕ್ಕ ನಾನೇ ಹೇಳ್ಕೊಟ್ಟೆ. ನಂಗೆ ಬರೋದು ಅದೊಂದೇ ಚೆನ್ನಾಗಿ. ಅವ್ರ ಸಾರು ತಪ್ಪು ಅಂತ ಹಾಕವ್ರೆ.”

“ಎಲ್ಲಾರ್ ಮುಂದೆ ನಗಾಡಿದ್ರು,” ಎಂದಳು ಹುಡುಗಿ, ನೆಲ ನೋಡುತ್ತಾ. “ಎವರು ಚೆಪ್ಪಾರು ನೀಕು, ಯಾರು ಹೇಳ್ಕೊಟ್ರು ನಿಂಗೆ ಅಂತ ಕೇಳಿದ್ರು. ನಮ್ಮಮ್ಮ ಅಂದೆ. ಇನ್ನೂ ನಕ್ಕರು.”

“ನಾನು ಅಂದೆ, ನಮ್ಮ ಮೇಡಂ ಹೇಳ್ಕೊಟ್ಟಿದ್ದು ತಪ್ಪಾಗಕ್ಕಿಲ್ಲ ಕಣೆ, ನಾನೇ ಒಂದ್ಸಲ ತಪ್ಪು ಮಾಡಿ ಸೀಟು ಕಳ್ಕಂಡೋಳು, ಜನ್ಮದಾಗೆ ಮರೆಯಲ್ಲ ಅಂದೆ. ಇಬ್ರಿಗೂ ಜಗಳ ಆಗೋಯ್ತು. ಅದಕ್ಕೇ ಕರ್ಕಂಡು ಬಂದ್ಬುಟ್ಟೆ. ನೀವೇ ಹೇಳ್ಬುಡಿ ಮೇಡಂ.”

ಹುಡುಗಿ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. ಕೆಂಪು ಅಡ್ಡಗೆರೆ. ಈ ಸಲ ಅದು ಸರಿಯಾದ ಜಾಗದಲ್ಲಿತ್ತು.

ಎರಡು ಪದ್ಧತಿ ಇವೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಸುಳ್ಳು ಹೇಳುವುದಿಲ್ಲ. ಬಂತು.

“ನಾಗವೇಣಿ, ಅವತ್ತು ನೀನು ಬರ್ದಿದ್ದು ಸರಿಯಿತ್ತು,” ಎಂದೆ. “ಜಿ ಮೊದ್ಲು. ಕೀ ತಪ್ಪಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಹಾಕ್ದೆ. ನೀನು ಬಂದು ಕೇಳ್ದಾಗ್ಲೂ ಸುಳ್ಳು ಹೇಳ್ದೆ.”

ಅವಳು ನನ್ನನ್ನೇ ನೋಡುತ್ತಿದ್ದಳು. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಲು ಹೊರಟೆ. ಅವಳು ಕೈ ಎತ್ತಿದಳು.

“ಎಷ್ಟು ಮಾರ್ಕ್ಸಿಂದು ಮೇಡಂ ಅದು?”

“ಐದು.”

“ನಂಗೆ ಕಮ್ಮಿ ಬಂದಿದ್ದು ಮೂರು.”

“ಹೌದು.”

ಹುಡುಗಿ ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ನಾಗವೇಣಿ ತನ್ನ ಬೆರಳುಗಳನ್ನು ನೋಡಿಕೊಂಡಳು. ತೋರುಬೆರಳಿನ ಉಗುರು ಸೂಜಿ ಹೊಕ್ಕು ಸೀಳಿ ಬೆಳೆದಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಕ್ಷಮಿಸು ಎಂದೆ. ಆ ಮಾತು ಕೇಳಿಸಲೇ ಇಲ್ಲವೆಂಬಂತೆ ಎದ್ದಳು.

“ಇವ್ಳಿಗೆ ಸರಿಯಾಗಿ ಹೇಳ್ಕೊಡಿ,” ಎಂದು ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತಳು.

ನಾನು ಭಾರ್ಗವಿಗೆ ಹೇಳಿಕೊಟ್ಟೆ. ಚುರುಕು ಹುಡುಗಿ. ಒಂದು ಸಲಕ್ಕೆ ಹಿಡಿದಳು, ಮೂರು ಲೆಕ್ಕ ತಪ್ಪಿಲ್ಲದೆ ಮಾಡಿದಳು. ನಾಲ್ಕನೆಯದನ್ನು ಮಾಡುವಾಗ ಪೆನ್ನು ನಿಲ್ಲಿಸಿ, ಯಾವ ಎಫ್ ಜಿ ತೆಗೆದುಕೊಂಡರೆ ಎರಡು ಕಡೆಯಿಂದಲೂ ಒಂದೇ ಬರುತ್ತದೆ ಎಂದು ಕೇಳಿದಳು. ನೀನೇ ಹುಡುಕು ಎಂದೆ.

ಕಾಫಿ ಮಾಡಿಕೊಂಡು ಬಂದೆ. ಮೆಟ್ಟಿಲಿನ ಹತ್ತಿರ ಇಟ್ಟ ಲೋಟವನ್ನು ನಾಗವೇಣಿ ಮುಟ್ಟಲಿಲ್ಲ. ಮಗಳು ಚಪ್ಪಲಿ ಹಾಕಿಕೊಂಡಳು.

“ಪ್ರತಿ ಭಾನುವಾರ ಕಳ್ಸು,” ಎಂದೆ. “ಇಂಟರ್ ಪೂರ್ತಿ ನಾನೇ ಹೇಳ್ಕೊಡ್ತೀನಿ. ನಂಗೇನೂ ಬೇಡ.”

ನಾಗವೇಣಿ ಗೇಟಿನ ಚಿಲಕ ತೆಗೆದು, ಮಗಳನ್ನು ಮುಂದೆ ಬಿಟ್ಟು, ಒಳಗಿನಿಂದ ಎದ್ದು ಹೋದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿದಳು.

“ಬ್ಯಾಡ ಮೇಡಂ,” ಎಂದಳು. “ಅವ್ರ ಸಾರು ಸರಿಯಾಗೇ ಹೇಳ್ಕೊಡ್ತವ್ರೆ.”